ಒಸಿಯಾದ ಚರಿತ್ರೆ ಯಾರ ಪಾಲಿಗೆ

ಅಲ್ ಹೈಲ್, ಮಸ್ಕತ್
೧೪ ನವೆಂಬರ್ ೨೦೨೫, ಶುಕ್ರವಾರ

ಸಿದ್ದು ಅವರಿಗೆ ತ್ರಿವೇಣಿಯ ನಮಸ್ಕಾರ.

ಗಂಡನ ಹೆಸರು ಬರೆದದ್ದು ಇದೇ ಮೊದಲು. ಇಷ್ಟು ವರ್ಷ ‘ರೀ’ ಎಂಬುದರಲ್ಲೇ ಸಂಸಾರ ನಡೆದುಹೋಯಿತು. ಹುಬ್ಬಳ್ಳಿಯಿಂದ ನಿಮ್ಮ ವಕೀಲರು ಕಳಿಸಿದ ವಿಚ್ಛೇದನದ ಅರ್ಜಿಯಲ್ಲಿ ಸಾಲುಸಾಲಿಗೆ ನಿಮ್ಮ ಹೆಸರಿದೆ. ಓದಿ ಓದಿ ನನ್ನ ಸಂಕೋಚವೂ ಹೋಯಿತು. ಇಲ್ಲಿ ರುಸೈಲ್‌ನ ಕಾರ್ಖಾನೆಯಲ್ಲಿ ನಿಮ್ಮ ಜತೆ ಕೆಲಸ ಮಾಡಿದ ಫಯಾಝ್ ಈಗ ನೀವಿರುವ ಕಂಪನಿಗೇ ಬರುತ್ತಿದ್ದಾನೆ. ಅವನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಹೋದರೆ ನಾನು ಅಳುತ್ತೇನೆ, ನೀವು ಫುಟ್‌ಬಾಲಿನ ಮಾತು ತೆಗೆಯುತ್ತೀರಿ.

ಇಲ್ಲಿಯ ಕಾರ್ಖಾನೆ ಮುಚ್ಚಿ ನೀವು ರೊಮೇನಿಯಾಕ್ಕೆ ಹೋದ ಮೇಲೆ ಬೇರೆ ಏನು ಮಾತಾಡಿದ್ದೀರಿ ಹೇಳಿ? ಊಟ ಏನು ಎಂದರೆ ಅಲ್ಲಿಯ ಒಸಿಯಾ ಫುಟ್‌ಬಾಲ್ ಕ್ಲಬ್ಬು, ರಜೆ ಯಾವಾಗ ಎಂದರೆ ಒಸಿಯಾ ಕ್ಲಬ್ಬು. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ನನಗೂ ಆ ಕತೆಯ ಚಟ ಹತ್ತಿತು. ರೈಲು ಡಬ್ಬಿಯ ಗಾಲಿಗಳಿಗೆ ಅಚ್ಚು ಮಾಡುವ ಕಾರ್ಖಾನೆಯ ಕೆಲಸಗಾರರು ಕಟ್ಟಿದ ತಂಡ, ಅದಕ್ಕೇ ಅವರ ಭಾಷೆಯಲ್ಲಿ ಅಚ್ಚು, ಅಂದರೆ ಒಸಿಯಾ, ಎಂದೇ ಹೆಸರು. ಬಹುಕಾಲ ಮೂರನೆಯ ದರ್ಜೆಯಲ್ಲಿ ಆಡಿಕೊಂಡಿದ್ದವರು ಒಂದೇ ಒಂದು ಸಲ ಎರಡನೆಯದಕ್ಕೆ ಏರಿ ಮರುವರ್ಷವೇ ಇಳಿದರು. ಒಮ್ಮೆ ಹಿಮ ಸುರಿಯುವಾಗ ರಾಜಧಾನಿಯ ದೊಡ್ಡ ತಂಡವನ್ನು ಸೋಲಿಸಿದ್ದನ್ನು ಊರಿನವರು ಇವತ್ತಿಗೂ ಮದುವೆ ಮನೆಗಳಲ್ಲಿ ಹೇಳಿಕೊಳ್ಳುತ್ತಾರಂತೆ. ನಿಮ್ಮ ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಗೋಲ್‌ಕೀಪರ್ ಆಗಿದ್ದವರು. “ಇದು ನಮ್ಮ ವರ್ಕ್‌ಶಾಪ್ ಟೀಮ್ ಇದ್ದಂಗ ಐತಿ ನೋಡ” ಎಂದು ನೀವು ಹಿಗ್ಗಿದಾಗ ನನಗೂ ಸಮಾಧಾನವಾಗಿತ್ತು. ಪರದೇಶದಲ್ಲಿ ಕಾಲೂರಲು ಒಂದು ಜಾಗ ಸಿಕ್ಕಿತಲ್ಲ ಎಂದುಕೊಂಡೆ.

ಆಮೇಲಿನ ಕತೆ ಕೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಸರ್ಕಾರ ಬದಲಾಗಿ ಕಾರ್ಖಾನೆ ಗುಜರಿಗೆ ಹೋಯಿತು. ಯಾರೋ ಸಾಹುಕಾರ ಕ್ಲಬ್ಬನ್ನು ಕೊಂಡು ಹೆಸರು, ಬಣ್ಣ, ಲಾಂಛನ ಎಲ್ಲವನ್ನೂ ಬೇರೆ ಊರಿಗೆ ಸಾಗಿಸಿದ. ಊರಲ್ಲಿ ಉಳಿದ ಮುದುಕರು ಹೊಸದಾಗಿ ತಂಡ ಕಟ್ಟಿ, ದನ ಓಡಿಸಿ ಆಟ ಶುರುಮಾಡುವಂಥ ಹಳ್ಳಿ ಮೈದಾನಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಲೀಗ್ ಆಡಿಸತೊಡಗಿದರು. ಹಳೆಯ ಗೆಲುವುಗಳು ಯಾರವು ಎಂಬ ಜಗಳ ಕೋರ್ಟಿಗೆ ಹೋಯಿತು. ಕೊಂಡವನದೇ ಎಂದು ತೀರ್ಪು ಬಂತು. “ಆಡಿದವರೂ ಇಲ್ಲೇ ಅದಾರ, ನೋಡಿದವರೂ ಇಲ್ಲೇ ಅದಾರ, ಆಟ ಮಾತ್ರ ಇವರದಲ್ಲಂತ. ಇದ್ಯಾವ ನ್ಯಾಯ, ತ್ರಿವೇಣಿ?” ಎಂದಿರಿ. ಅವರ ಮೈದಾನಕ್ಕೆ ಸುಣ್ಣದ ಗೆರೆ ಹಾಕಲು ನೀವು ಹೋಗತೊಡಗಿದ್ದು ಆ ವಾರದಿಂದ. ಕಾಣದ ದೇಶದ ಕಾಣದ ಆಟಕ್ಕಾಗಿ ನಾನೂ ಇಲ್ಲಿ ಒಲೆಯ ಮುಂದೆ ನಿಂತು ಅತ್ತೆ.

ಈಗ ಅರ್ಜಿಯ ಮಾತಿಗೆ ಬರುತ್ತೇನೆ. ‘ಮದುವೆಯಾದ ದಿನದಿಂದಲೂ ಉಭಯತ್ರರಲ್ಲಿ ಹೊಂದಾಣಿಕೆ ಇರಲಿಲ್ಲ, ಸಂಸಾರ ಸುಖವಾಗಿ ನಡೆದಿರುವುದಿಲ್ಲ’ ಎಂದು ಅದರಲ್ಲಿದೆ. ವಕೀಲರಿಗೆ ಫೋನ್ ಮಾಡಿ ಕೇಳಿದೆ. “ಎಲ್ಲಾರದ್ದೂ ಹಿಂಗ ಬರೀತೇವ್ರಿ ಅಕ್ಕಾರ, ಮನಸಿಗೆ ಹಚ್ಚಿಕೋಬ್ಯಾಡ್ರಿ” ಎಂದರು. ಹಚ್ಚಿಕೊಳ್ಳದೆ ಹೇಗಿರಲಿ?

ಹಮ್ರಿಯಾದ ಒಂದೇ ಕೋಣೆಯ ಮನೆಯಲ್ಲಿ ಏಸಿ ನೀರು ಸೋರಿ, ಬಕೆಟ್ ಇಟ್ಟುಕೊಂಡು ಅದರ ಪಕ್ಕ ನಗುತ್ತ ಮಲಗಿದವರು ಯಾರು? ಶುಕ್ರವಾರ ನೀವು ರುಸೈಲ್‌ನ ಮರಳಿನಲ್ಲಿ ಆಡಿ ಬರುವಷ್ಟರಲ್ಲಿ ಇಡೀ ತಂಡಕ್ಕೆ ಗಿರ್ಮಿಟ್ ಕಲಸಿ ಕೂರುತ್ತಿದ್ದೆ. “ಅಕ್ಕ, ನಿಮ್ಮ ಗಿರ್ಮಿಟ್ ನಿಂತ ಮೇಲೆ ನಾವು ಆಡ್ಲಿಕ್ಕೇ ಬಿಟ್ಟದ್ದು ಮಾರಾಯ್ರೆ” ಎಂದು ಫಯಾಝ್ ಮೊನ್ನೆ ಕೂಡ ಹೇಳಿದ. ಬಸಿರಿನ ಏಳನೆಯ ತಿಂಗಳಲ್ಲಿ ನಮ್ಮ ಕೂಸು ಹೋದಾಗ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನೀವು ಎಷ್ಟು ತೊಳೆದರೂ ಗ್ರೀಸ್ ಹೋಗದ ಬೆರಳುಗಳಿಂದ ನನ್ನ ತಲೆ ಬಾಚಿ ಹೆರಳು ಹಾಕಿದಿರಿ, ಸೊಟ್ಟಗೆ. ಇಡೀ ದಿನ ಅದನ್ನು ಬಿಚ್ಚಲಿಲ್ಲ ನಾನು. ಇದೆಲ್ಲ ನಡೆದೇ ಇಲ್ಲ ಎಂದರೆ ಆ ಸಾಹುಕಾರನಿಗೂ ನಿಮಗೂ ಏನು ವ್ಯತ್ಯಾಸ?

ದೂರ ಇದ್ದೂ ಇದ್ದೂ ಮನಸ್ಸು ದೂರವಾಯಿತು, ಬೇರೆ ಏನೂ ಇಲ್ಲ ಎಂದಿರಿ. ಸರಿ, ನಾನು ಕೆದಕುವುದಿಲ್ಲ. ಹೋಗುವವರ ಕೈ ಹಿಡಿದು ಕೂರಿಸಿಕೊಂಡರೆ ಅದು ಸಂಸಾರವಾಗುವುದಿಲ್ಲ. ಸಹಿ ಹಾಕುತ್ತೇನೆ. ಆದರೆ ಮೊದಲು ಆ ಸಾಲು ಹೊಡೆದುಹಾಕಿಸಿ. ಕೆಲವು ವರ್ಷ ಚೆನ್ನಾಗಿ ಬಾಳಿದರು, ಆಮೇಲೆ ಆಗಲಿಲ್ಲ ಎಂದು ಬರೆಯಲಿ. ಕೋರ್ಟು ಅದನ್ನು ಒಪ್ಪುವಂತೆ ಹೇಗೆ ಬರೆಯಬೇಕೆಂಬುದು ವಕೀಲರ ಪಾಡು. ನೀವು ಹೊಸ ತಂಡ ಕಟ್ಟಿಕೊಳ್ಳಿ, ನನ್ನ ತಕರಾರಿಲ್ಲ. ಹಳೆಯ ಆಟ ಆಡಿಯೇ ಇಲ್ಲ ಎಂದು ಮಾತ್ರ ಹೇಳಬೇಡಿ. ನಾನು ಅಲ್ಲೇ ಇದ್ದೆ.

ಆರೋಗ್ಯ ನೋಡಿಕೊಳ್ಳಿ. ಚಳಿಗೆ ನಿಮ್ಮ ಮೊಣಕಾಲು ಹಿಡಿದುಕೊಳ್ಳುತ್ತದೆ.

ಇನ್ನೂ ಸಹಿ ಹಾಕದ,
ತ್ರಿವೇಣಿ

ತಾ.ಕ.: ಒಸಿಯಾದ ಆ ಮುದುಕರ ಫೇಸ್‌ಬುಕ್ ಪುಟವನ್ನು ನಾನು ಪ್ರತಿ ವಾರ ನೋಡುತ್ತೇನೆ. ಆ ಚಟ ಹತ್ತಿಸಿದವರು ನೀವೇ, ಆದರೆ ನಿಮಗದು ಗೊತ್ತಿಲ್ಲ. ದೀಪಾವಳಿಯ ವಾರ ಅದರಲ್ಲಿ ನಿಮ್ಮ ಫೋಟೋ ಬಂದಿತ್ತು, ಎದೆಗೆ ಅವಚಿಕೊಂಡ ಒಂದು ಕೂಸು. ಕೆಳಗೆ ಬರೆದದ್ದನ್ನು ಫೋನೇ ಕನ್ನಡ ಮಾಡಿಕೊಟ್ಟಿತು: ‘ನಮ್ಮ ಸಿದ್ದು ಮತ್ತು ಅವನ ಮಗಳು.’ ಮೂಗು ನಿಮ್ಮದೇ. ಫಯಾಝ್ ತರುವ ಪೊಟ್ಟಣದಲ್ಲಿ ಕುಂಚಿಗೆ ಇದೆ. ನನ್ನ ಅವ್ವ ನಮ್ಮ ಕೂಸಿಗೆಂದು ಹೊಲಿದದ್ದು, ಯಾರ ತಲೆಗೂ ಹಾಕಿದ್ದಲ್ಲ. ಹಿಮ ಬೀಳುವ ಮೊದಲು ಮಗಳಿಗೆ ಹಾಕಿ, ಎರಡೂ ಕಿವಿ ಮುಚ್ಚುವಂತೆ ಕಟ್ಟಿ. ಇದನ್ನು ಯಾರು ಕಳಿಸಿದರು ಎಂದು ಅವಳ ತಾಯಿ ಕೇಳುತ್ತಾಳೆ. ಸುಳ್ಳು ಹೇಳಬೇಡಿ.