ಯಜಮಾನನ ಸಹಿ

೧೪ ಜುಲೈ ೨೦೦೩, ಸೋಮವಾರ. ಪುರಸೈವಾಕ್ಕಂ, ಮದ್ರಾಸು

ಅರ್ಧ ದಿನ ರಜೆ ಹಾಕಿದ್ದೂ ದಂಡವಾಯಿತು. ನಮ್ಮ ಮನೆಯಲ್ಲಿ ಅಡುಗೆ ಮಾಡುವ ಸಣ್ಣಮ್ಮನ ವಿಧವಾ ಪಿಂಚಣಿಗೆಂದು ಮತ್ತೆ ತಾಲೂಕು ಕಚೇರಿಗೆ ಹೋಗಿದ್ದೆವು. ಗುಮಾಸ್ತ ಅರ್ಜಿಯನ್ನು ತಿರುವಿ ನೋಡಿ, "ಇಲ್ಲಿನ ರೇಷನ್ ಕಾರ್ಡ್ ಬೇಕು. ಇವರದು ಕರ್ನಾಟಕದ್ದು. ಅಂಗೇ ಪೋಯ್ ಕೇಳುಂಗಮ್ಮಾ" ಅಂದ. ಅಲ್ಲೇ ಹೋಗಿ ಕೇಳಬೇಕಂತೆ.

ಅಲ್ಲಿ ಕೇಳದೆ ಬಂದಿದ್ದೇವೆಯೇ? ಹೋದ ತಿಂಗಳು ಸಣ್ಣಮ್ಮ ಬಸ್ಸು ಹಿಡಿದು ಊರಿಗೆ ಹೋಗಿದ್ದಳು. ಅಲ್ಲಿಯವರು, "ನೀನಿರೋದು ಮದ್ರಾಸಲ್ಲಿ, ಪಿಂಚಣಿ ಅಲ್ಲೇ ಕೇಳು" ಅಂದರಂತೆ. ಹಾಗಾದರೆ ಹಳೇ ಕಾರ್ಡಿನಿಂದ ನನ್ನ ಹೆಸರು ತೆಗೆದುಕೊಡಿ, ಅಲ್ಲೇ ಹೊಸದು ಮಾಡಿಸ್ತೀನಿ ಎಂದು ಇವಳು ಕೇಳಿದ್ದಕ್ಕೆ, ಕುಟುಂಬದ ಯಜಮಾನನೇ ಬಂದು ಸಹಿ ಹಾಕಬೇಕಂತೆ. ಆ ಯಜಮಾನ ಸತ್ತದ್ದಕ್ಕೇ ಅಲ್ಲವೇ ಇವಳು ಪಿಂಚಣಿ ಕೇಳುತ್ತಿರುವುದು!

ಇವತ್ತು ಸಣ್ಣಮ್ಮ ಇಲ್ಲಿಯದೇ ಓಟಿನ ಗುರುತು ಚೀಟಿ ಮುಂದಿಟ್ಟು, ತನಗೆ ಬರುವ ತಮಿಳಿನಲ್ಲೇ ಕೇಳಿದಳು, ಓಟು ಮಾತ್ರ ಇಲ್ಲಿ ಹಾಕಬಹುದಾ ಸಾರ್ ಎಂದು. "ಅದು ಬೇರೆ ಇಲಾಖೆ" ಅಂದ. ನಾನು ಕೂಗಾಡಿದೆ. ಸಾಲಿನಲ್ಲಿದ್ದವರು ತಿರುಗಿ ನೋಡಿದರು, ಅಷ್ಟೇ.

ಬ್ಯಾಂಕಿನಲ್ಲಿ ನನಗೆ ಮೈಸೂರಿನಿಂದ ಇಲ್ಲಿಗೆ ವರ್ಗವಾದಾಗ ಗ್ಯಾಸು, ಪಿ.ಎಫ್., ಎಲ್ಲ ಹಿಂದೆಯೇ ಬಂದವು. ಬ್ಯಾಂಕಿನವಳಿಗೆ ಇಲ್ಲದ ಗಡಿ ಅಡುಗೆಯವಳಿಗೆ ಯಾಕೆ? ಎರಡೂ ಸರ್ಕಾರಗಳು ವಿಧವೆಯರಿಗೆ ಪಿಂಚಣಿ ಕೊಡುತ್ತವೆ. ಇವಳು ಮಾತ್ರ ಯಾರ ವಿಧವೆಯೂ ಅಲ್ಲ.

ಬಸ್ಸಿನಲ್ಲಿ ಸಣ್ಣಮ್ಮ ಮೆಲ್ಲಗೆ, "ಇನ್ನೊಂದು ಅರ್ಜಿ ಬರ್ಕೊಡಿ ಸುಮತಕ್ಕ, ದೊಡ್ಡೋರಿಗೇ ಬರೀರಿ" ಅಂದಳು. ಹೂಂ ಅಂದೆ. ಈಗ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ. 'ಇವರಿಗೆ' ಎಂದು ಬರೆದಾಯಿತು. ಯಾರಿಗೆ ಅಂತ ಬರೆಯಲಿ, ಇಲ್ಲಿಯವರಿಗೋ ಅಲ್ಲಿಯವರಿಗೋ?