ನಮ್ಮ ಪಾರು ಬಡವರ ಲೆಕ್ಕಕ್ಕೆ ಸೇರಿದ್ದು

ಅಕ್ಕಾ,

ನೀನು ತೀರಿಕೊಂಡ ಮೇಲೆ ಹುಟ್ಟಿದ, ನೀನು ನೋಡದ ಒಂದು ಕೂಸು ಈಗ ನಿನ್ನ ಮನೆಯಲ್ಲಿದೆ. ನಿನ್ನ ಮೊಮ್ಮಗ ಈರಣ್ಣನ ಮಗಳು, ಪಾರು. ಮೂರು ತುಂಬಿದೆ, ಎತ್ತಿಕೊಂಡರೆ ಅಷ್ಟು ವಯಸ್ಸಿನ ಭಾರವಿಲ್ಲ. ಅವಳ ವಿಷಯ ನಿನಗೆ ತಿಳಿಸಬೇಕು. ಸುತ್ತಿ ಬಳಸಿ ಹೇಳುವುದು ನನ್ನ ಅಭ್ಯಾಸ, ಸಹಿಸಿಕೋ.

ಒಂದು ಮಧ್ಯಾಹ್ನ ನೀನು ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಸೋಸುತ್ತಿದ್ದೆ, ನಾನು ಪೇಪರ್ ಓದಿ ಹೇಳುತ್ತಿದ್ದೆ. ರಾಜ್ಯದ ಸಣ್ಣ ಮಕ್ಕಳಲ್ಲಿ ಬಡವರು ಎಷ್ಟೆಂಬ ಅಂದಾಜು ಬಂದಿತ್ತು. "ಯಾರು ಎಣಿಸಿದ್ರೋ? ನಮ್ಮ ಓಣಿಗೆ ಯಾರೂ ಬಂದಿಲ್ಲಲ್ಲ" ಎಂದು ನೀನು ಕೇಳಿದೆ. ಎಲ್ಲರ ಮನೆಗೂ ಹೋಗುವುದಿಲ್ಲ, ಅಲ್ಲೊಂದು ಇಲ್ಲೊಂದು ಮನೆ ಆರಿಸಿ ಕೇಳುತ್ತಾರೆ, ಕೆರೂರ ಸಂತೆಯಲ್ಲಿ ಒಂದು ಹಿಡಿ ತೆಗೆದು ಚೀಲದ ಜೋಳ ನೋಡುವುದಿಲ್ಲವೇ, ಹಾಗೆ, ಎಂದು ನಾನು ತಿಳಿಸಿದೆ. ನೀನು ತಲೆ ಎತ್ತಲೂ ಇಲ್ಲ. "ಜೋಳಕ್ಕ ಮರ್ಯಾದಿ ಇರೂದಿಲ್ಲಲೇ ತಮ್ಮಾ. ಮಂದಿಗೆ ಇರತೈತಿ." ಆಗ ನಾನು ನಕ್ಕುಬಿಟ್ಟೆ.

ಮರ್ಯಾದೆಯ ಪಾಠವನ್ನು ನನಗೆ ಕಲಿಸಿದವಳು ನೀನೇ ಅಲ್ಲವೇ? ನೆಂಟರ ಮನೆಗೆ ಕಳಿಸುವಾಗಲೆಲ್ಲ ಬಾಗಿಲಲ್ಲಿ ನಿಲ್ಲಿಸಿ ಹೇಳುತ್ತಿದ್ದೆ: "ಉಂಡ್ಯಾ ಅಂತ ಕೇಳಿದ್ರ ಉಂಡೀನಿ ಅನ್ನು. ಹೊಟ್ಟಿ ಚುರ್ ಅಂದ್ರೂ ಅನ್ನು." ನಮ್ಮ ಕಡೆ ಮೊದಲ ಉತ್ತರ ಮರ್ಯಾದೆಗೆ. ಅವರು ಕೈ ಹಿಡಿದು ಒತ್ತಾಯ ಮಾಡಿದ ಮೇಲೆ ಬರುವುದು ಖರೆ ಉತ್ತರ. ಆದರೆ ಒಂದೇ ಸಲ ಕೇಳಿ ಬರೆದುಕೊಂಡು ಹೋಗುವವರು ಬಂದರೆ...

ಬಂದರು ಅಕ್ಕಾ, ಇವತ್ತೇ ಬಂದರು. ನಾನು ಇಳಕಲ್ಲಿನ ಬಸ್ಸಿಳಿದು ನಿನ್ನ ಮನೆ ಸೇರಿ ಕೈಕಾಲು ತೊಳೆಯುವಷ್ಟರಲ್ಲಿ, ಅದೇ ಬಡ ಮಕ್ಕಳ ಲೆಕ್ಕಕ್ಕೆಂದು ಬಾಗಲಕೋಟೆಯಿಂದ ಬಂದ ಸರ್ವೆಯ ಹುಡುಗಿ ಬಾಗಿಲಲ್ಲಿದ್ದಳು. ಆರಿಸಿದ ಮನೆಗಳಲ್ಲಿ ನಮ್ಮದೂ ಒಂದು. ಈರಣ್ಣ ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಮಹಾದೇವಿ ಮಗ್ಗದಿಂದ ಎದ್ದು ಬಂದು ಚಾಪೆ ಹಾಸಿದಳು.

"ನಿನ್ನೆ ಕೂಸಿಗೆ ಏನೇನು ಕೊಟ್ರಿ? ಹಾಲು? ತತ್ತಿ? ಬ್ಯಾಳಿ?"

"ಎಲ್ಲಾ ಕೊಟ್ಟೇವ್ರಿ."

"ಹಸದು ಮಲಗಿದ್ದು ಏನರ?"

"ಅಯ್ಯ, ಇಲ್ರಿ!"

ಹಾಗೆ ಹೇಳುತ್ತಲೇ ಅವಳು ಒಲೆಯ ಮೇಲೆ ಕರಿ ಚಹಾ ಇಟ್ಟಳು. ಮನೆಯಲ್ಲಿ ಹಾಲಿರಲಿಲ್ಲ. ನಾನು ತಡೆಯಲಾರದೆ ಹೇಳಿದೆ, "ಹಂಗ ಬರೀಬ್ಯಾಡವಾ, ಇನ್ನೊಮ್ಮೆ ಕೇಳು."

"ಮುತ್ಯಾ, ಪೇಪರ್ ಓದಿ ಓದಿ ನಿಮಗ ತಲಿ ಕೆಟ್ಟೈತಿ. ಸುಮ್ನ ಕೂಡ್ರಿ!" ಎಂದಳು ಮಹಾದೇವಿ.

ಆ ಹುಡುಗಿಗೆ ಸಂಕಟ. "ಅಜ್ಜಾರ, ತಾಯಿ ಏನ ಹೇಳ್ತಾಳ ಅದನ್ನ ಬರೀಬೇಕ್ರಿ ನಾವು." ಆಮೇಲೆ ಮಹಾದೇವಿಯ ಕಡೆ ತಿರುಗಿದಳು. "ಯಕ್ಕಾ, ನಿಮ್ಮ ಹೆಸರು ಎಲ್ಲೂ ಬರೂದಿಲ್ರಿ. ನಾವು ಎಲ್ಲಾರ ಮನಿಗೂ ಹೋಗಾಂಗಿಲ್ಲ. ನಾವು ಹೋಗದ ಎಷ್ಟೋ ಮನಿಗೆ ನಿಮ್ಮ ಮನಿ ಉತ್ತರಾನ ಲೆಕ್ಕಕ್ಕ ಹಿಡೀತಾರ."

ಮಹಾದೇವಿ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟಳು. "ಅಂದ್ರ, ನಾ ಹಾಲು ಕೊಡ್ತೇನಿ ಅಂದ್ರ ಅವರ ಕೂಸುಗಳೂ ಹಾಲು ಕುಡದಂಗ?"

"ಲೆಕ್ಕದಾಗ ಹಂಗ ಬರತೈತ್ರಿ."

ಅವಳು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮ ಮನಿ ಮಾನ ನಂದು, ನಾ ಮುಚ್ಚಿಕೋತೇನಿ. ಮಂದಿ ಕೂಸಿನ ಹೊಟ್ಟಿ ಮ್ಯಾಲೆ ಸುಳ್ಳು ಹೇಳಾಕ ನಾ ಯಾರು? ಮೊದಲಿಂದ ಕೇಳ್ರಿ."

ಹುಡುಗಿ ಮೊದಲಿಂದ ಕೇಳಿದಳು. ನಿನ್ನೆ ರೊಟ್ಟಿ, ಖಾರ. ಸಂಜೆಗೆ ರೊಟ್ಟಿ ನೀರಲ್ಲಿ ನೆನೆಸಿದ್ದು. ಹಾಲು ಇಲ್ಲ, ತತ್ತಿ ಇಲ್ಲ. ಅರೆಹೊಟ್ಟೆಯಲ್ಲಿ ಮಲಗಿದ್ದು ಹೌದು. ಮಹಾದೇವಿ ಎಲ್ಲವನ್ನೂ ನೆಲ ನೋಡುತ್ತಾ ಹೇಳಿದಳು. ಪಾರು ಅವಳ ಬೆನ್ನಿಗೆ ಜೋತುಬಿದ್ದು ಆಡುತ್ತಿದ್ದಳು.

ಹುಡುಗಿ ಹೋದ ಮೇಲೆ ಮಹಾದೇವಿ ಕೇಳಿದಳು, "ಇದರಿಂದ ಪಾರೂಗ ಏನರ ಸಿಗತೈತೇನ್ ಮುತ್ಯಾ?" ಇಲ್ಲವೆಂದೆ. ಅದು ರಾಜ್ಯದ ಅಂದಾಜು, ಕೂಸಿನ ಹೆಸರಿಗೆ ಏನೂ ಬರುವುದಿಲ್ಲ. "ಬರದಿದ್ರ ಬಿಡ್ರಿ. ಹಸದ ಕೂಸು ಇಲ್ಲೇ ಇಲ್ಲ ಅಂತ ಮಾತ್ರ ಯಾರೂ ಅನಬಾರದು" ಎಂದು ಮತ್ತೆ ಮಗ್ಗಕ್ಕೆ ಕೂತಳು.

ನಿನಗೆ ಸಿಟ್ಟು ಬಂದಿದೆಯೇ? ಹೊಸಿಲೊಳಗಿನ ಮಾತು ಪರರ ಮುಂದೆ ಬಂತೆಂದು? ಈರಣ್ಣನಿಗಂತೂ ಬರುತ್ತದೆ, ಅವನದು ನಿನ್ನದೇ ಸ್ವಭಾವ. ಅವನಿಗಿನ್ನೂ ಗೊತ್ತಿಲ್ಲ. ನಾನು ಊರಿಗೆ ಮರಳಬೇಕಿದ್ದ ಬಸ್ಸು ಬೇಕೆಂದೇ ಬಿಟ್ಟಿದ್ದೇನೆ. ಮೈತುಂಬ ಕಲ್ಲಿನ ಧೂಳಿನೊಂದಿಗೆ ಅವನು ಬಂದು ಜಗಳ ತೆಗೆದರೆ, ನಿನ್ನ ಮೊಮ್ಮಗನೆಂದು ಸುಮ್ಮನಿರುವುದಿಲ್ಲ ಅಕ್ಕಾ. ನಾನು ಮಹಾದೇವಿಯ ಕಡೆ ನಿಲ್ಲುತ್ತೇನೆ.

ನಿನ್ನ ತಮ್ಮ