ಗೂಡ್ಸಿಗೆ ದಾರಿ ಬಿಟ್ಟ ಗಾಡಿ

ಕೊಟ್ಟೂರು
೧೪ ನವೆಂಬರ್ ೨೦೨೫

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊನ್ನೆ ಫೋನಿನಲ್ಲಿ ನೀನು ಒಂದೇ ಸಮ ಕೆಮ್ಮುತ್ತಿದ್ದೆ. ಮೊಜಾಂಬಿಕಿನ ಕಲ್ಲಿದ್ದಲ ಧೂಳು ಗಂಟಲಿಗೆ ಇಳಿದಿರಬೇಕು, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಬೇಕಂತೆ, ಅವ್ವ ಹೇಳಿದ್ದಾಳೆ. ಅವಳು ಗಟ್ಟಿಯಾಗಿದ್ದಾಳೆ. ಅಪ್ಪನ ಮಂಡಿನೋವು ಹಾಗೆಯೇ ಇದೆ, ಬೈಗುಳವೂ ಹಾಗೆಯೇ ಇದೆ. ನನ್ನ ಹೊಲಿಗೆ ಅಂಗಡಿಗೆ ಲಗ್ನದ ಬ್ಲೌಸುಗಳು ಬಂದು ಬಿದ್ದಿವೆ, ತಲೆ ಎತ್ತಲು ಪುರುಸೊತ್ತಿಲ್ಲ. ಫೋನಿರುವಾಗ ಇದೇನು ಕಾಗದ ಎಂದು ನಗಬೇಡ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅಲ್ಲಿ ನಿನ್ನ ಜೊತೆ ಗೂಡ್ಸ್ ರೈಲು ಓಡಿಸುವ ಹುಲುಗೇಶ ರಜೆ ಮುಗಿಸಿ ನಾಳೆ ಹೊರಡುತ್ತಾನೆ. ಅವನ ಚೀಲದಲ್ಲಿ ಶೇಂಗಾ ಚಟ್ನಿ ಹಿಂಡಿಯ ಜೊತೆ ಇದನ್ನೂ ಇಡುತ್ತೇನೆ.

ಹರಿಹರದವರು ನನ್ನನ್ನು ನೋಡಲು ಬಂದ ದಿನದ ಸುದ್ದಿಯನ್ನು ಅಪ್ಪ ನಿನಗೆ ಅರ್ಧ ಹೇಳಿದ್ದಾನೆ, ಉಳಿದರ್ಧ ನಾನು ಹೇಳುತ್ತೇನೆ. ಬಂದ ದಿನ ಎಂದೆ ನೋಡು, ಅವರು ಬರಲೇ ಇಲ್ಲ. ಕಾರು ಮಾಡಿಕೊಂಡು ಬರುತ್ತೇವೆ ಎಂದವರಿಗೆ ಅಲ್ಲಿಂದಲೇ ಫೋನು ಹಚ್ಚಿ, "ರೈಲಿನಾಗ ಬರ್ರಿ, ಆರಾಮ ಅಕ್ಕತಿ" ಎಂದವನು ನೀನು. ನಿನ್ನ ಮಾತಿಗೆ ಬೆಲೆ ಕೊಟ್ಟು ಪ್ಯಾಸೆಂಜರ್ ಹತ್ತಿದರು. ತೆಲಿಗಿ ಹತ್ತಿರ ಗಾಡಿ ನಿಂತಿತು. ಪಕ್ಕದ ಹಳಿಯಲ್ಲಿ ಅದಿರಿನ ಗೂಡ್ಸ್ ಹೋಯಿತು, ಇನ್ನೇನು ಹೊರಡಬೇಕು ಎನ್ನುವಷ್ಟರಲ್ಲಿ ಅದರ ಹಿಂದೆ ಇನ್ನೊಂದಕ್ಕೆ ದಾರಿ ಬಿಡಬೇಕೆಂದರಂತೆ. ಅಷ್ಟರಲ್ಲಿ ರಾಹುಕಾಲ ಕೂತಿತು. ಹುಡುಗನ ಸೋದರಮಾವ ಎದ್ದು ನಿಂತು, "ಹೆಣ್ಣು ನೋಡಾಕ ಹೊಂಟ ದಾರಿ ನಡುವ ನಿಂತ್ರ ಅದು ಶಕುನ, ಇಳೀರಿ ಎಲ್ಲಾರೂ" ಎಂದನಂತೆ. ಎಲ್ಲರೂ ಇಳಿದರು, ರಸ್ತೆಗೆ ನಡೆದು ಬಸ್ಸು ಹಿಡಿದು ವಾಪಸು ಹೋದರು. ಇಲ್ಲಿ ನಾನು ಹಡಗಲಿ ಮಲ್ಲಿಗೆ ಮುಡಿದು, ರೇಷ್ಮೆ ಸೀರೆ ಉಟ್ಟು, ಮಂಡಕ್ಕಿ ಒಗ್ಗರಣೆ ಮೆತ್ತಗಾಗುವುದನ್ನು ನೋಡುತ್ತ ಕೂತಿದ್ದೆ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, "ಇನ್ನಾ ಬರಲಿಲ್ಲೇನವ್ವಾ" ಎಂದು ಕೇಳಿ ಹೋದರು. ಅವ್ವ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ.

ಆ ಸಂಜೆ ನೀನು ಫೋನು ಮಾಡಿದೆಯಲ್ಲ, ಆಗ ನನಗೆ ಬೇಕಾಗಿದ್ದು ಒಂದೇ ಮಾತು. "ಪಾಪ" ಎಂದಿದ್ದರೂ ಸಾಕಿತ್ತು. ನೀನು ನಕ್ಕೆ. ನಕ್ಕು ದೇಶ ದೇಶಗಳ ಪುರಾಣ ಬಿಚ್ಚಿದೆ. ಜಪಾನಿನಲ್ಲಿ ಜನರ ಗಾಡಿ ಒಂದು ನಿಮಿಷ ತಡವಾದರೂ ಕ್ಷಮೆ ಕೇಳುತ್ತಾರಂತೆ. ಸ್ವಿಟ್ಜರ್ಲೆಂಡಿನಲ್ಲಿ ಜನರ ಗಾಡಿಗಳ ನಡುವೆ ಸಂದಿ ಸಿಕ್ಕಾಗ ಗೂಡ್ಸ್ ನುಸುಳಬೇಕಂತೆ. ಅಮೆರಿಕದಲ್ಲಿ ಹಳಿಗಳೇ ಹೆಚ್ಚಿನಂಶ ಗೂಡ್ಸ್ ಕಂಪನಿಗಳವು, ಜನರ ಗಾಡಿಗೇ ಮೊದಲು ದಾರಿ ಎಂದು ಕಾನೂನಿದ್ದರೂ ಬಯಲಲ್ಲಿ ಕಾಯುವವರು ಜನರೇ. ನೀನಿರುವ ಕಡೆಯಂತೂ ಕಲ್ಲಿದ್ದಲಿಗೆ ದಿನವಿಡೀ ದಾರಿ, ಜನಕ್ಕೆ ಯಾವಾಗಲೋ ಒಂದು ಗಾಡಿ. ಇಷ್ಟೆಲ್ಲ ಹೇಳಿ ಕೊನೆಗೆ, "ನಮ್ಮ ದೇಶದಾಗ ದುಡಿಯೋದು ಗೂಡ್ಸ್ ನೋಡವ್ವ, ಪ್ಯಾಸೆಂಜರ್ ಬರೇ ತಿಂತತಿ. ದುಡಿಯೋದಕ್ಕ ದಾರಿ ಬಿಡಬೇಕು" ಎಂದೆ. ನಾನು ಫೋನು ಅವ್ವನ ಕೈಗೆ ಕೊಟ್ಟು ಹೋಗಿ ಸೀರೆ ಬಿಚ್ಚಿ ಮಡಚಿಟ್ಟೆ.

ಆ ಮಾತನ್ನು ನಾನಿನ್ನೂ ಮರೆತಿಲ್ಲ. ನಮ್ಮ ಮನೆಯಲ್ಲೂ ನೀನೇ ಗೂಡ್ಸ್. ನಿನ್ನ ಟ್ರೇನಿಂಗ್ ಮುಗಿಯಲಿ ಎಂದು ಮೊದಲ ಸಂಬಂಧ ಬಿಟ್ಟರು. ಹರಪನಹಳ್ಳಿಯ ಹುಡುಗ ಚೆನ್ನಾಗಿದ್ದ, ನನಗೂ ಮನಸ್ಸಿತ್ತು, ಆಗ ನಿನ್ನ ಲಗ್ನ ಮೊದಲು ಎಂದರು. ಆಮೇಲೆ ದಾವಣಗೆರೆಯಲ್ಲಿ ನಿನ್ನ ಮನೆ ಏಳಬೇಕಾಯಿತು. ಯಾರು ಬಂದರೂ ಅಪ್ಪನದು ನಿನ್ನ ಹೆಸರು ಹಿಡಿದು ಒಂದೇ ಮಾತು, "ಗುರುಬಸವರಾಜನ್ನ ಕೇಳಿ ಹೇಳ್ತೀವ್ರಿ." ನಾನು ಬೇಡವೆನ್ನಲಿಲ್ಲ, ನಿಜ. ನೀನು ಕಳಿಸುವುದರಲ್ಲಿ ಮನೆ ನಡೆಯುತ್ತದೆ, ಅದೂ ನಿಜ. ಆದರೆ ನಾನೇನು ಕೂತು ತಿಂದೆನೇ? ಹಗಲೆಲ್ಲ ಮಷಿನ್ ತುಳಿದು ಕಾಲು ಬಾತುಕೊಳ್ಳುವುದು ನಿನಗೆ ಅಷ್ಟು ದೂರದಿಂದ ಕಾಣುವುದಿಲ್ಲ. ಜಪಾನಿನವರು ಒಂದು ರೀತಿ, ಅಮೆರಿಕದವರು ಒಂದು ರೀತಿ ಎಂದು ನೀನೇ ಹೇಳಿದೆ. ಅಂದರೆ ಯಾರಿಗೆ ದಾರಿ ಎಂಬುದನ್ನು ಆಯಾ ದೇಶದವರು ಕೂತು ತೀರ್ಮಾನ ಮಾಡಿದ್ದಾರೆ ಎಂದಾಯಿತು. ನಮ್ಮ ಮನೆಯಲ್ಲಿ ಯಾರು ಕೂತು ತೀರ್ಮಾನ ಮಾಡಿದರು, ನನ್ನನ್ನು ಯಾವಾಗ ಕೇಳಿದರು, ಹೇಳು.

ಇನ್ನೊಂದು ವಿಷಯ. ಆ ಹುಡುಗ ಸಿದ್ದಲಿಂಗ, ಹರಿಹರದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು, ಅದರ ಮರುವಾರ ಒಬ್ಬನೇ ಬಂದ. ಅದೇ ಪ್ಯಾಸೆಂಜರಿನಲ್ಲಿ ಬಂದ, ಅಂದೂ ತಡವೇ. ಅಂಗಡಿ ಬಾಗಿಲಲ್ಲಿ ನಿಂತು, "ಅವತ್ತು ನಾ ಇಳಿಬಾರದಿತ್ರಿ" ಎಂದ. ನನಗೆ ಸಿಟ್ಟಿತ್ತು. "ಮತ್ಯಾಕ ಇಳಿದ್ರಿ?" ಎಂದು ಕೇಳಿಯೇಬಿಟ್ಟೆ. "ಮಾವ ಹೇಳಿದಂಗ ಕೇಳಿ ರೂಢಿ ಆಗೇತ್ರಿ" ಎಂದ. ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನವಾಯಿತು. ನನ್ನದೂ ಅದೇ ರೂಢಿ ತಾನೇ. ಮನೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟೆ. ಅಪ್ಪ ಯಥಾಪ್ರಕಾರ ನಿನ್ನನ್ನು ಕೇಳಿದ. ನೀನು, "ಏಪ್ರಿಲ್‌ಗೆ ಬರ್ತೀನಿ, ಅಲ್ಲೀತನಕ ತಡೀರಿ, ಈಗ ಮನಿ ಸ್ಲ್ಯಾಬ್ ಹಾಕಸಬೇಕು" ಎಂದೆ. ಅಪ್ಪ ಫೋನು ಕೆಳಗಿಟ್ಟ, ಮಂಡಿಗೆ ಎಣ್ಣೆ ಹಚ್ಚುತ್ತೇನೆಂದರೂ ಬೇಡ ಎಂದ.

ಅತ್ತಿಗೆಗೆ ದಾವಣಗೆರೆಗೆ ಬೇರೆ ಫೋನು ಮಾಡುತ್ತೇನೆ. ಕೆಮ್ಮು ಅಸಡ್ಡೆ ಮಾಡಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಕೊಟ್ಟೂರೇಶ ನಿನ್ನನ್ನು ಚೆನ್ನಾಗಿಟ್ಟಿರಲಿ. ಇಷ್ಟು ಸಿಟ್ಟಿನಲ್ಲೂ ಅದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ತಂಗಿ,
ಭಾಗ್ಯ

ತಾ.ಕ.: ಹುಲುಗೇಶ ಹೊರಗೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಸೋಮವಾರ ಉಜ್ಜಿನಿಯ ಗುಡಿಯಲ್ಲಿ ನನ್ನ ಮದುವೆ, ಸಿದ್ದಲಿಂಗನ ಜೊತೆ. ಈ ಕಾಗದ ನಿನ್ನ ಕೈಗೆ ಸಿಗುವ ಹೊತ್ತಿಗೆ ಆಗಿಹೋಗಿರುತ್ತದೆ. ಅವ್ವ, ಅಪ್ಪ ಇಬ್ಬರೂ ಬರುತ್ತಾರೆ. ಅಣ್ಣನಿಗೆ ಒಂದು ಫೋನು ಮಾಡಿ ಹೇಳೋಣ ಎಂದು ನಾನೇ ಅಂದೆ. ಬೇಡ ಎಂದವನು ಅಪ್ಪ. "ಈಗ ಹೇಳಿದ್ರ ಅಂವ ಮತ್ತ ನಿಂದ್ರಸ್ತಾನ" ಎಂದ.